ಮಂಡ್ಯ ಜಿಲ್ಲೆ 1799ಕ್ಕೆ ಹೋದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಕಥಾಸ್ಪರ್ಧೆಗೆ ಒಂದು ಕಥಾವಸ್ತು ಕೊಟ್ಟಿದ್ದೆವು. ಇಂದಿನ ಮಂಡ್ಯ ಜಿಲ್ಲೆ ಜನ, ಜಮೀನು, ಕಟ್ಟಡ, ಕಟ್ಟೆ ಸಮೇತ ಒಂದು ರಾತ್ರಿ ನಾಲ್ಕನೇ ಮೈಸೂರು ಯುದ್ಧದ ಕಾಲಕ್ಕೆ ಹೋಗಿ ಬೀಳುತ್ತದೆ, ಅಂದಿನ ಮಂಡ್ಯ ಸೀಮೆ ಇದ್ದ ಜಾಗದಲ್ಲಿ ಇಂದಿನ ಏಳು ತಾಲ್ಲೂಕು ಕೂತಿರುತ್ತವೆ, ಮುಂದೇನು? ಕಥೆಗಿಂತ ಮೊದಲು ಪ್ರಶ್ನೆಗಳೇ ಹೆಚ್ಚು ಬಂದಿವೆ. ಒಂದೇ ವಿಷಯ ಕೇಳಿದವರನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ.

ಯುದ್ಧ ನಡೆದದ್ದು ಫೆಬ್ರವರಿಯಿಂದ ಮೇವರೆಗೆ. ಯಾವ ದಿನಕ್ಕೆ ಹೋಗಿ ಬಿದ್ದರೆ ಕಥೆಗೆ ಅನುಕೂಲ? ಟಿಪ್ಪು ನಮ್ಮ ಜೊತೆ ಇರುತ್ತಾನೋ ಇಲ್ಲವೋ?
— ಮದ್ದೂರಿನ ಓದುಗರು

ಎರಡನೇ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲೇ ಇದೆ. ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಯೊಳಗಿದೆ. ಇಂದಿನ ಜಿಲ್ಲೆ ಅಲ್ಲಿ ಕೂತರೆ ಅಂದಿನ ಶ್ರೀರಂಗಪಟ್ಟಣ ಇರುವುದಿಲ್ಲ. ಆ ದಿನ ಟಿಪ್ಪು ಅರಮನೆಯಲ್ಲಿದ್ದರೆ ಅವನೂ ಇಲ್ಲ. ಬಂದ ಕಥಾಸಾರಾಂಶಗಳಲ್ಲಿ ಹೆಚ್ಚಿನವು ಇಲ್ಲೇ ಎಡವಿವೆ: ಒಂದು ಕಡೆ ಜಿಲ್ಲಾಧಿಕಾರಿಯ ಕಚೇರಿ, ಇನ್ನೊಂದು ಕಡೆ ದರಿಯಾ ದೌಲತ್‌ನಲ್ಲಿ ಸುಲ್ತಾನನ ದರ್ಬಾರು, ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ.

ನಮ್ಮ ಸಲಹೆ ಮಾರ್ಚ್ 7. ಹಿಂದಿನ ದಿನ, ಅಂದರೆ 1799ರ ಮಾರ್ಚ್ 6ರಂದು, ಟಿಪ್ಪು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದ ಮೇಲೆ ಬಿದ್ದು, ಗೆಲ್ಲಲಾರದೆ ಹಿಂದೆ ಸರಿದಿದ್ದ. ಮುಂದಿನ ಕೆಲವು ದಿನ ಅವನ ಬೀಡು ಪಿರಿಯಾಪಟ್ಟಣದ ಕಡೆ. ಅದು ಜಿಲ್ಲೆಯ ಹೊರಗೆ. ಅದೇ ಕಂಪನಿಯ ಜನರಲ್ ಹ್ಯಾರಿಸ್‌ನ ಮದ್ರಾಸ್ ಸೈನ್ಯ ಮಾರ್ಚ್ 5ಕ್ಕೆ ರಾಜ್ಯದ ಗಡಿ ದಾಟಿದ್ದರೂ ಇನ್ನೂ ರಾಯಕೋಟೆಯ ಆಚೀಚೆ. ಮಾರ್ಚ್ 21ಕ್ಕೆ ಕನಕಪುರ, 27ಕ್ಕೆ ಮಳವಳ್ಳಿ. ಹೀಗಾಗಿ ಮಾರ್ಚ್ 7ಕ್ಕೆ ಬಿದ್ದರೆ ಮೂರು ಪಾತ್ರಗಳೂ ಜೀವಂತ: ಪಶ್ಚಿಮಕ್ಕೆ ಆಯ್ದ ದಂಡಿನೊಂದಿಗೆ ಟಿಪ್ಪು, ಪೂರ್ವಕ್ಕೆ ಹ್ಯಾರಿಸ್, ನಡುವೆ ನೀವು. ತಯಾರಿಗೆ ಇಪ್ಪತ್ತು ದಿನ ಸಿಗುತ್ತದೆ. ಒಂದು ವಾರ ತಡಮಾಡಿದರೆ ಟಿಪ್ಪು ರಾಜಧಾನಿಗೆ ಮರಳಿರುತ್ತಾನೆ, ಕಥೆಯಿಂದ ಮಾಯವಾಗುತ್ತಾನೆ.

ಆದರೆ ಪಿರಿಯಾಪಟ್ಟಣದಲ್ಲಿ ಕೂತ ಟಿಪ್ಪುವಿನ ಲೆಕ್ಕದಲ್ಲಿ ನೀವು ಯಾರು ಎಂದು ಯೋಚಿಸಿ. ಅವನ ಖಜಾನೆ, ಮದ್ದಿನಮನೆ, ಮಕ್ಕಳು, ಕೋಟೆ ಎಲ್ಲ ಒಂದೇ ರಾತ್ರಿ ಇಲ್ಲವಾಗಿವೆ. ಆ ಜಾಗದಲ್ಲಿ ಯಾರೋ ಅಪರಿಚಿತರು. ಅವನು ಸ್ನೇಹದ ಕೈ ಚಾಚುತ್ತಾನೆಂದು ಬರೆಯುವವರು ಕಾರಣ ಕೊಡಬೇಕಾಗುತ್ತದೆ. ಇನ್ನೂ ಒಂದು ಸಂಗತಿ: ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು, ರಾಣಿ ಲಕ್ಷ್ಮಮ್ಮಣ್ಣಿ ಇದ್ದದ್ದೂ ಶ್ರೀರಂಗಪಟ್ಟಣದಲ್ಲೇ. ಅವರೂ ಇಲ್ಲ ಎಂದ ಮೇಲೆ ಕಂಪನಿ ಗೆದ್ದರೂ ಪಟ್ಟಕ್ಕೆ ಕೂರಿಸಲು ಯಾರೂ ಉಳಿಯುವುದಿಲ್ಲ. ಈ ಒಂದು ಎಳೆಯನ್ನೇ ಹಿಡಿದು ಕಾದಂಬರಿ ಬರೆಯಬಹುದು.

ಆ ಹಳೆಯ ಶ್ರೀರಂಗಪಟ್ಟಣ ಎಲ್ಲಿಗೆ ಹೋಯಿತು ಎಂದು ಇಬ್ಬರು ಕೇಳಿದ್ದಾರೆ. ಇಂದಿನ ಬೆಂಗಳೂರು–ಮೈಸೂರು ಹೆದ್ದಾರಿಗೆ ಬಂದು ಬಿದ್ದಿದೆ ಎಂದಿಟ್ಟುಕೊಳ್ಳಿ. ಅದು ಬೇರೆ ಕಥೆ, ಬೇರೆ ಸ್ಪರ್ಧೆ.

ಮಂಡ್ಯವೇ ಯಾಕೆ? ಇಡೀ ಕರ್ನಾಟಕ, ಇಡೀ ದೇಶ ಹೋಗಬಾರದಿತ್ತೇ? ಕಾರ್ಖಾನೆ, ಪ್ರಯೋಗಾಲಯ ಎಲ್ಲ ಇರುವ ಮೈಸೂರನ್ನಾದರೂ ಸೇರಿಸಬೇಕಿತ್ತು.
— ಮೈಸೂರಿನ ಓದುಗರು

ಇಡೀ ದೇಶ ಹೋದರೆ ಯುದ್ಧವೇ ಇರುವುದಿಲ್ಲ. ಹ್ಯಾರಿಸ್ ಹೊರಟ ವೆಲ್ಲೂರೂ ನಮ್ಮದೇ ಆಗಿರುತ್ತದೆ, ಕಥೆ ಮೊದಲ ಪುಟಕ್ಕೇ ಮುಗಿಯುತ್ತದೆ. ಮೈಸೂರು ಸೇರಿದರೆ ರೈಲ್ವೆ ವರ್ಕ್‌ಶಾಪು, ಸಿಎಫ್‌ಟಿಆರ್‌ಐ, ಟೈರ್ ಕಾರ್ಖಾನೆ ಎಲ್ಲ ಸಿಗುತ್ತವೆ. ಅರ್ಧ ಕಷ್ಟ ಪರಿಹಾರ. ಇಲ್ಲದಿರುವುದೇ ಕಥೆಗೆ ಬೇಕಾದದ್ದು. ನಿಮ್ಮ ಊರಿನ ಜಾಗದಲ್ಲಿ 1799ರಲ್ಲಿ ಏನಿತ್ತೆಂದರೆ, ಟಿಪ್ಪು ಕೆಡವಿಸಿದ ಹಳೆ ಕೋಟೆ, ಪಕ್ಕದಲ್ಲಿ ಅದರ ಕಲ್ಲಿನಿಂದ ಏಳುತ್ತಿದ್ದ ನಜರ್‌ಬಾದ್. ಬೇಸರ ಬೇಡ.

ಕೆಆರ್‌ಎಸ್ ಗೇಟು ಎಲ್ಲಾ ಒಟ್ಟಿಗೆ ಎತ್ತಿಬಿಟ್ರೆ ಬ್ರಿಟಿಷ್ ದಂಡು ಕೊಚ್ಕೊಂಡು ಹೋಗಲ್ವಾ?
— ಪಾಂಡವಪುರ, ಮಂಡ್ಯ, ಕೆ.ಆರ್. ಪೇಟೆಯಿಂದ ಹಲವರು

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಮಟ್ಟ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ. ಅದು ಆಗಸ್ಟಿನ ಮಾತು. ಮಾರ್ಚ್‌ನಲ್ಲಿ ನೀವು ಯಾವ ವರ್ಷದಿಂದ ಹೊರಟಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬರಗಾಲದ ಬೆನ್ನಿಗೆ ಬಂದ 2024ರ ಮಾರ್ಚ್ ತೆಗೆದುಕೊಂಡರೆ 90 ಅಡಿಯ ಆಸುಪಾಸು, ಸಂಗ್ರಹ ಸುಮಾರು 16 ಟಿಎಂಸಿ. ಪ್ರವಾಹ ಬಿಡುವ ಗೇಟುಗಳು ಇರುವುದು 80, 103, 106, 114 ಅಡಿಗಳಲ್ಲಿ. ಮಟ್ಟ 90 ಇದ್ದಾಗ 103ರಿಂದ ಮೇಲಿನ ಗೇಟುಗಳನ್ನು ಎತ್ತಿದರೆ ಗಾಳಿ ಬರುತ್ತದೆ, ನೀರಲ್ಲ. 80 ಅಡಿಯ ಗೇಟುಗಳ ಮೇಲೆ ಬರೇ ಹತ್ತು ಅಡಿ ನೀರಿನ ಒತ್ತಡ. ಜುಲೈನಲ್ಲಿ ಟಿವಿಯಲ್ಲಿ ನೋಡುವ ಆ ಬಿಳಿ ಗೋಡೆ ಮಾರ್ಚ್‌ನಲ್ಲಿ ಏಳುವುದಿಲ್ಲ.

ಇನ್ನು ಜಾಗ. ಹ್ಯಾರಿಸ್ ಮಳವಳ್ಳಿ ಕಾಳಗದ ನಂತರ ಕಾವೇರಿ ದಾಟಿದ್ದು ಸೋಸಲೆಯಲ್ಲಿ, ಶ್ರೀರಂಗಪಟ್ಟಣದ ನೇರಕ್ಕೆ ಅಲ್ಲ. ಕಟ್ಟೆಯಿಂದ ಅಲ್ಲಿಗೆ ನೀರು ಹೋಗಿ ಮುಟ್ಟಲು ಒಂದು ರಾತ್ರಿಯಾದರೂ ಬೇಕು. ದಾರಿಯಲ್ಲಿ ರಂಗನತಿಟ್ಟು, ಶ್ರೀರಂಗಪಟ್ಟಣದ ತಗ್ಗಿನ ಬೀದಿಗಳು, ನದಿದಡದ ತೋಟಗಳು ಎಲ್ಲ ನಮ್ಮವೇ. ಕೊಚ್ಚಿಕೊಂಡು ಹೋಗುವ ಮೊದಲ ಸಾಮಾನು ನಮ್ಮ ಪಂಪ್‌ಸೆಟ್ಟು.

ಹಾಗಾದರೆ ಉಪಯೋಗವೇ ಇಲ್ಲವೇ? ಇದೆ, ಆದರೆ ಕೊಚ್ಚುವುದಕ್ಕಲ್ಲ, ತಡೆಯುವುದಕ್ಕೆ. ಹಾಯುಗಡದ, ಅಂದರೆ ನದಿ ದಾಟುವ ಜಾಗದ, ಕಡೆ ನದಿಯ ಅಗಲ 300 ಮೀಟರ್, ಹರಿವಿನ ವೇಗ ಸೆಕೆಂಡಿಗೆ 1 ಮೀಟರ್ ಎಂದುಕೊಳ್ಳಿ. ಬೇಸಿಗೆಯ ನೀರಿನ ಮೇಲೆ ಇನ್ನೊಂದು ಮೀಟರ್ ಏರಿಸಲು ಸೆಕೆಂಡಿಗೆ 300 ಘನ ಮೀಟರ್ ಬೇಕು, ಅಂದರೆ ಹತ್ತಿರ ಹತ್ತಿರ 10,600 ಕ್ಯೂಸೆಕ್. ಅಷ್ಟಾದರೆ ಸಿಪಾಯಿ ಹೇಗೋ ದಾಟಿಯಾನು, ಎತ್ತು ಈಜೀತು. ಮದ್ದಿನ ಬಂಡಿ ದಾಟದು, ಫಿರಂಗಿ ದಾಟದು. 18 ಪೌಂಡಿನ ಗುಂಡು ಹಾರಿಸುವ ಮುತ್ತಿಗೆ ಫಿರಂಗಿಯ ಕೊಳವೆಯೊಂದೇ ಎರಡು ಟನ್‌ಗೂ ಮೇಲೆ ತೂಗುತ್ತದೆ.

ಅದರ ಬೆಲೆಯೂ ಕೇಳಿ. 10,000 ಕ್ಯೂಸೆಕ್‌ನಂತೆ ಒಂದು ವಾರ ಬಿಟ್ಟರೆ 6 ಟಿಎಂಸಿ ಖಾಲಿ. 16ರಲ್ಲಿ 4.4 ಟಿಎಂಸಿ ತಳದ ನೀರು, ಕೈಗೆ ಸಿಗುವುದಿಲ್ಲ. ಉಳಿದ 11.6ರಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ವಾರದಲ್ಲಿ ಹೋಯಿತು. ಮಳೆ ಹಿಡಿಯಲು ಇನ್ನೂ ಎರಡೂವರೆ ತಿಂಗಳಿದೆ. ಅದೇ ನೀರಿನಲ್ಲಿ ವಿಶ್ವೇಶ್ವರಯ್ಯ ನಾಲೆಗೂ ಪಾಲು, ಕುಡಿಯುವುದಕ್ಕೂ ಪಾಲು, ಶಿವನಸಮುದ್ರದ ಕರೆಂಟಿಗೂ ಪಾಲು. ಯಾರಿಗೆ ಎಷ್ಟು ಎಂಬ ಜಗಳ ಜಿಲ್ಲಾ ಉಸ್ತುವಾರಿ ಸಭೆಯಲ್ಲಿ ಎದ್ದರೆ ಹ್ಯಾರಿಸ್ ಬರುವ ಮುನ್ನವೇ ಯುದ್ಧ ಶುರು. ನಮ್ಮನ್ನು ಕೇಳಿದರೆ ಕಥೆಯ ಜೀವ ಇರುವುದು ಆ ಸಭೆಯಲ್ಲಿ, ಮಳವಳ್ಳಿಯ ಬಯಲಿನಲ್ಲಲ್ಲ.

ಕೆ.ಆರ್. ಪೇಟೆಯವರೊಬ್ಬರು ಸೂಕ್ಷ್ಮವಾದ ಮಾತು ಎತ್ತಿದ್ದಾರೆ: ಹಿನ್ನೀರಿನ ಒಂದು ಭಾಗ ಮೈಸೂರು ಜಿಲ್ಲೆಯಲ್ಲಿದೆಯಲ್ಲ, ಅದು? ಗಡಿಯನ್ನು ಕಡ್ಡಿ ಮುರಿದಂತೆ ಹಿಡಿದರೆ ಅಷ್ಟು ನೀರು ಹಿಂದೆಯೇ ಉಳಿಯಿತು. ಆಚೆಗಿರುವುದು 1799ರ ಒಣ ಕಣಿವೆ. ನಮ್ಮ ಪಾಲಿನ ನೀರು ಅದೇ ರಾತ್ರಿ ಆ ಕಡೆಗೆ ನುಗ್ಗುತ್ತದೆ. ಕಟ್ಟೆಯ ಮಟ್ಟ ಇಳಿಯುತ್ತದೆ. ಅಲ್ಲಿ ಮಲಗಿದ್ದ ಊರುಗಳು ಮುಳುಗುತ್ತವೆ. ಮೊದಲ ಹೊಡೆತ ಬಿದ್ದದ್ದು ಬ್ರಿಟಿಷರ ಮೇಲಲ್ಲ, ಟಿಪ್ಪುವಿನ ಪ್ರಜೆಗಳ ಮೇಲೆ. ಬೇಡವೆನಿಸಿದರೆ ಹಿನ್ನೀರನ್ನೆಲ್ಲ ಗಡಿಯೊಳಗೆ ಸೇರಿಸಿಕೊಳ್ಳಿ. ಮೇಲಿನ ಲೆಕ್ಕವನ್ನು ನಾವು ಹಾಗೆ ಸೇರಿಸಿಕೊಂಡೇ ಮಾಡಿದ್ದೇವೆ.

ಜೂನ್ ಬಂದ ಮೇಲೆ ಕಥೆ ತಿರುಗಿ ಬೀಳುತ್ತದೆ. ಮೇಲೆ ಹೇಮಾವತಿ ಕಟ್ಟೆ ಇಲ್ಲ, ಹಾರಂಗಿ ಇಲ್ಲ. ಕೊಡಗಿನ ನೀರೆಲ್ಲ ನೇರ ಕನ್ನಂಬಾಡಿಗೆ. ಮಡಿಕೇರಿಯಲ್ಲಿ ಎಷ್ಟು ಮಳೆಯಾಯಿತೆಂದು ಫೋನು ಮಾಡುವವರೂ ಇಲ್ಲ. ಬೇಸಿಗೆಯಲ್ಲಿ ನೀರಿಲ್ಲವೆಂದು ಅತ್ತ ಎಂಜಿನಿಯರು ಜುಲೈನಲ್ಲಿ ನಿದ್ದೆಗೆಡುತ್ತಾರೆ.

ಮಳವಳ್ಳಿ ನಮ್ಮೂರು. ಪೊಲೀಸ್ ರೈಫಲ್ ಬಿಟ್ಟರೆ ಜಿಲ್ಲೆಯಲ್ಲಿ ಶಸ್ತ್ರ ಎಲ್ಲಿದೆ? ಮಾರ್ಚ್ 27ಕ್ಕೆ ಹ್ಯಾರಿಸ್ ಬಂದರೆ ತಡೆಯೋದು ಹೇಗೆ?
— ಮಳವಳ್ಳಿಯ ಓದುಗರು

ರೈಫಲ್ಲನ್ನು ಕೊನೆಗೆ ಇಡಿ. ಅಂದಿನ ಕಂಪನಿ ಸಿಪಾಯಿಯ ಕೋವಿ ನಿಮಿಷಕ್ಕೆ ಎರಡು ಮೂರು ಸಲ ಹಾರುತ್ತಿತ್ತು, ನೂರು ಗಜದಾಚೆ ಗುರಿ ನಂಬುವಂತಿರಲಿಲ್ಲ. ಪೊಲೀಸ್ ರೈಫಲ್ 300 ಮೀಟರ್‌ನಲ್ಲಿ ಗುರಿ ಮುಟ್ಟುತ್ತದೆ. ನಿಜ. ಆದರೆ ಠಾಣೆಯ ಪೆಟ್ಟಿಗೆಯಲ್ಲಿರುವ ತೋಟಾ ಖರ್ಚಾದರೆ ಖರ್ಚಾಯಿತು. ಹಿತ್ತಾಳೆ ಚಿಪ್ಪು, ಅದರ ಹಿಂದಿನ ಸಿಡಿಗುಂಡಿ ಎರಡನ್ನೂ ಮಾಡುವ ಜಾಗ ಜಿಲ್ಲೆಯಲ್ಲಿಲ್ಲ.

ಹ್ಯಾರಿಸ್‌ನ ಬಲವೂ ಎತ್ತು, ದೌರ್ಬಲ್ಯವೂ ಎತ್ತು. ಗಡಿಯಿಂದ ಶ್ರೀರಂಗಪಟ್ಟಣಕ್ಕೆ ಬರಲು ಅವನಿಗೆ ಒಂದು ತಿಂಗಳು ಹಿಡಿಯಿತು. ತಡ ಮಾಡಿಸಿದ್ದು ಫಿರಂಗಿಯ ಭಾರ, ಮೇವಿನ ಅಭಾವ. ದುಡಿಯುವ ಎತ್ತಿಗೆ ದಿನಕ್ಕೆ 8 ಕಿಲೋ ಒಣಮೇವು ಬೇಕು. ಹತ್ತು ಸಾವಿರ ಎತ್ತಿಗೆ 80 ಟನ್. ಅವನ ಬಳಿ ಇದ್ದದ್ದು ಹತ್ತು ಸಾವಿರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟನ್ನು ಹೊತ್ತು ತರಲಾಗದು, ದಾರಿಯ ಊರುಗಳಲ್ಲೇ ಸಿಗಬೇಕು. ಟಿಪ್ಪು ದಾರಿಯ ಮೇವನ್ನು ಸುಡಿಸಿದ್ದು ಇದೇ ಕಾರಣಕ್ಕೆ. ನೀವು ಸುಡಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಹುಲ್ಲಿನ ಮೆದೆಗಳನ್ನು ಕಬ್ಬಿನ ಟ್ರ್ಯಾಕ್ಟರಿಗೆ ಹೇರಿ ಮಂಡ್ಯದ ಕಡೆ ಸಾಗಿಸಿದರೆ ಸಾಕು.

ಕಬ್ಬನ್ನು ಮರೆತವರು ಬಹಳ. ಮಾರ್ಚ್‌ನಲ್ಲಿ ಕಟಾವಾಗದ ಕಬ್ಬು ಗದ್ದೆಯಲ್ಲಿ ನಿಂತಿರುತ್ತದೆ. ಸೋಗೆ ಎತ್ತಿಗೆ ಒಳ್ಳೆ ಮೇವು. ಕಬ್ಬು ಬಿಟ್ಟು ಹುಲ್ಲು ಸಾಗಿಸಿದರೆ ಶತ್ರುವಿಗೆ ಹಬ್ಬದೂಟ ಬಡಿಸಿದಂತೆ. ಹ್ಯಾರಿಸ್ ಬರುವ ದಾರಿಯ ಎರಡೂ ಬದಿಯ ಕಬ್ಬನ್ನು ಮೊದಲು ಕಡಿದು ಕಾರ್ಖಾನೆಗೆ ಸಾಗಿಸಬೇಕು. ಕಟಾವಿನ ಸರದಿ ಚೀಟಿ ಯಾರಿಗೆ ಮೊದಲು ಎಂಬ ವ್ಯಾಜ್ಯ 1799ರಲ್ಲೂ ತಪ್ಪುವುದಿಲ್ಲ.

ನೀರಿನ ಉಪಯೋಗ ಇಲ್ಲಿದೆ. ನದಿಗೆ ಬಿಡುವ ಬದಲು ನಾಲೆಗೆ ಬಿಡಿ. ಒದ್ದೆಯಾದ ಗದ್ದೆಯಲ್ಲಿ ಫಿರಂಗಿ ಬಂಡಿಯ ಚಕ್ರ ಗುಂಬದವರೆಗೆ ಹೂತುಕೊಳ್ಳುತ್ತದೆ. ಇಪ್ಪತ್ತು ಜೊತೆ ಎತ್ತು ಕಟ್ಟಿದರೂ ಎಳೆಯಲು ಅವಕ್ಕೆ ಕಾಲೂರಲು ಗಟ್ಟಿ ನೆಲ ಇರುವುದಿಲ್ಲ. ಬೇಕಾದ ನೀರೂ ಕಡಿಮೆ. ಇಡೀ ತಾಲ್ಲೂಕು ತೋಯಬೇಕಾಗಿಲ್ಲ, ಮದ್ದೂರು–ಮಳವಳ್ಳಿ ದಾರಿಗೆ ಅಡ್ಡಲಾಗಿ ಒಂದೆರಡು ಕಿಲೋಮೀಟರ್ ಅಗಲದ ಪಟ್ಟಿ ಸಾಕು.

ಆದರೆ ಮಳವಳ್ಳಿ ನಾಲೆಯ ಕೊನೆ ಭಾಗ. ಲೆಕ್ಕಕ್ಕೆ, ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ 50 ಕಿ.ಮೀ. ನಾಲೆಯನ್ನು ನೀರು 20 ಗಂಟೆಯಲ್ಲಿ ದಾಟಬೇಕು. ಒಣಗಿದ ನಾಲೆ ಮೊದಲು ತಾನು ಕುಡಿಯುತ್ತದೆ, ಆಮೇಲೆ ದಾರಿಯುದ್ದಕ್ಕೂ ಮೋಟಾರು ಇಳಿಬಿಟ್ಟವರು ಕುಡಿಯುತ್ತಾರೆ, ತೂಬು ಎತ್ತಿಟ್ಟವರು ಕುಡಿಯುತ್ತಾರೆ. ಕೊನೆ ಭಾಗಕ್ಕೆ ವಾರವಾದರೂ ನೀರು ಬರಲಿಲ್ಲವೆಂಬ ದೂರು ನಿಮಗೆ ಹೊಸದಲ್ಲ. ಆದ್ದರಿಂದ ಮಾರ್ಚ್ 27ಕ್ಕೆ ಕೆಸರು ಬೇಕೆಂದರೆ 14ಕ್ಕೇ ನಾಲೆ ತೆರೆಯಬೇಕು, ಮೇಲಿನ ತೂಬುಗಳಿಗೆ ಕಾವಲು ಹಾಕಬೇಕು. ಇನ್ನೊಂದು ತೊಡಕು: ಗದ್ದೆಗೆ ನೀರು ನಿಲ್ಲಿಸಿದರೆ ಶತ್ರುವಿಗೆ ಕುಡಿಯುವ ನೀರನ್ನೂ ಕೊಟ್ಟಂತೆ. ಕೆಸರಿನ ಪಟ್ಟಿಯನ್ನು ಅವನ ಮುಂದೆ ಇಡಿ, ಅವನು ಬೀಡುಬಿಡುವ ಜಾಗದಲ್ಲಿ ಅಲ್ಲ.

ಇದು ಬರೀ ಊಹೆಯಲ್ಲ. 1791ರ ಮೇ 15ರಂದು ಅರಕೆರೆಯ ಬಳಿ ಕಾಳಗ ಗೆದ್ದೂ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾರದೆ ಹಿಂದಿರುಗಿದ. ಎತ್ತುಗಳು ಸತ್ತಿದ್ದವು, ಮಳೆ ಹಿಡಿದಿತ್ತು, ಅಕ್ಕಿ ತೀರಿತ್ತು. ಎಳೆಯುವವರಿಲ್ಲದ ಮುತ್ತಿಗೆ ಫಿರಂಗಿಗಳನ್ನು ಅವನು ಕೈಯಾರೆ ಹಾಳುಗೆಡವಿದ್ದು ಕನ್ನಂಬಾಡಿಯ ಹತ್ತಿರ. 1799ರ ಏಪ್ರಿಲ್ 16ಕ್ಕೆ ಹ್ಯಾರಿಸ್‌ಗೂ ಉಳಿದಿದ್ದದ್ದು ಅರ್ಧ ಪಡಿಯ ಲೆಕ್ಕದಲ್ಲಿ 18 ದಿನದ ಅಕ್ಕಿ. ಮೇ 4ರ ಮಧ್ಯಾಹ್ನ ಕೋಟೆ ಬಿದ್ದದ್ದರಿಂದ ಬಚಾವಾದ. ಹಾದಿಯಲ್ಲಿ ಮೂರು ವಾರ ತಡವಾಗಿದ್ದರೆ ಎರಡನೇ ಕಾರ್ನ್‌ವಾಲಿಸ್ ಆಗುತ್ತಿದ್ದ. ನಿಮ್ಮ ಪಾತ್ರಗಳಿಗೆ ಬೇಕಾದ್ದು ಆ ಮೂರು ವಾರ, ಅಷ್ಟೇ.

ಶ್ರೀರಂಗಪಟ್ಟಣದ ಕೋಟೆ ಗೋಡೆ ಇವತ್ತಿಗೂ ನಿಂತಿದೆಯಲ್ಲ?
— ಶ್ರೀರಂಗಪಟ್ಟಣದ ಓದುಗರು

ನಿಂತಿದೆ, ಆದರೆ ರೈಲು ಹಳಿ ಅದನ್ನು ಸೀಳಿಕೊಂಡು ಹೋಗಿದೆ, ಬಸ್ಸು ಹೋಗುವ ದಾರಿಗಳೂ ಇವೆ. 1799ರಲ್ಲಿ ಒಡೆದ ಜಾಗ ಇನ್ನೂ ಒಡೆದೇ ಇದೆ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಕಂಬ ಅಲ್ಲೇ ಪಕ್ಕದಲ್ಲಿದೆ. ಹ್ಯಾರಿಸ್‌ನ ಎಂಜಿನಿಯರು ಹುಡುಕುವ ಕಷ್ಟವೂ ಇಲ್ಲ, ಫಲಕ ಹಾಕಿ ತೋರಿಸಿದ್ದೇವೆ. ಕೋಟೆಯನ್ನು ನೆಚ್ಚಬೇಡಿ.

ಕರೆಂಟು ಎಷ್ಟು ದಿನ ಇರುತ್ತೆ?
— ಮಂಡ್ಯ, ಭಾರತೀನಗರ

ಹೋದ ಕ್ಷಣದಲ್ಲೇ ಹೋಗುತ್ತದೆ. ಗ್ರಿಡ್ ಕಡಿದುಹೋಗಿ ಜಿಲ್ಲೆಯೆಲ್ಲ ಕತ್ತಲು. ಮರಳಿ ತರುವುದು ಶಿವನಸಮುದ್ರ 42 ಮೆಗಾವ್ಯಾಟ್, ಶಿಂಷಾ 17.2 ಮೆಗಾವ್ಯಾಟ್, ಈ ಎರಡು ಜಲವಿದ್ಯುತ್ ಕೇಂದ್ರಗಳಿಂದ. ಶಿವನಸಮುದ್ರದ ಒಡ್ಡು ನದಿಯ ಆಚೆ ದಡಕ್ಕೂ ತಾಗುವುದರಿಂದ ಅದನ್ನು ಪೂರ್ತಿ ಗಡಿಯೊಳಗೆ ಎಳೆದುಕೊಳ್ಳಿ, ಇಲ್ಲವಾದರೆ ಕಥೆ ಕತ್ತಲಲ್ಲೇ ನಡೆಯುತ್ತದೆ.

ಕ್ರಮ ಹೀಗೆ. ಹೊರಗಿನ ಲೈನುಗಳನ್ನೆಲ್ಲ ಮೊದಲು ಬೇರ್ಪಡಿಸಬೇಕು. ಬ್ಯಾಟರಿಯ ಡಿಸಿ ವಿದ್ಯುತ್ತಿನಿಂದ ಒಂದು ಸಣ್ಣ ಜನರೇಟರ್ ಎಬ್ಬಿಸಿ, ಅದರಿಂದ ಸ್ಟೇಷನ್ನಿನ ಪಂಪು ದೀಪ ಹೊತ್ತಿಸಿ, ಆಮೇಲೆ ಒಂದು 66 ಕೆವಿ ಲೈನು, ಅದರಲ್ಲಿ ಒಂದು ಸಬ್‌ಸ್ಟೇಷನ್ನು, ಅದರಲ್ಲಿ ಒಂದೇ ಫೀಡರು. ಇಲ್ಲಿ ಆತುರಪಟ್ಟರೆ ಕೆಡುತ್ತದೆ. ಗಂಟೆಗಟ್ಟಲೆ ಕತ್ತಲಲ್ಲಿದ್ದ ಫೀಡರಿನಲ್ಲಿ ಎಲ್ಲರ ಮೋಟಾರು, ಫ್ರಿಜ್ಜು ಒಟ್ಟಿಗೆ ಎಳೆಯುತ್ತವೆ; 50 ಹರ್ಟ್ಸ್ ಇದ್ದದ್ದು 47.5ಕ್ಕೆ ಕುಸಿದರೆ ಯಂತ್ರ ತನ್ನನ್ನು ತಾನೇ ಕಳಚಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ. ಪಂಪ್‌ಸೆಟ್ಟಿನ ತ್ರೀ ಫೇಸ್ ಫೀಡರುಗಳನ್ನು ತಿಂಗಳುಗಟ್ಟಲೆ ಮುಟ್ಟಬಾರದು. ಆಸ್ಪತ್ರೆ, ಕುಡಿಯುವ ನೀರು, ಹಿಟ್ಟಿನ ಗಿರಣಿ, ವರ್ಕ್‌ಶಾಪು ಮೊದಲು.

ಇಲ್ಲೂ ನೀರಿನ ಲೆಕ್ಕವೇ. ಸುಮಾರು 120 ಮೀಟರ್ ಎತ್ತರದಿಂದ ಬೀಳುವ ನೀರಿನಲ್ಲಿ 42 ಮೆಗಾವ್ಯಾಟ್ ಪೂರ್ತಿ ತೆಗೆಯಲು ಹತ್ತಿರ ಹತ್ತಿರ 1,600 ಕ್ಯೂಸೆಕ್ ಬೇಕು. ಒಂದು ಟಿಎಂಸಿ ಅಂದರೆ ಏಳು ದಿನದ ಕರೆಂಟು. ಮೇಲಿನ ಪ್ರಶ್ನೆಯಲ್ಲಿ ಒಂದು ವಾರ ಹಾಯುಗಡ ತುಂಬಿಸಲು ಸುರಿದ 6 ಟಿಎಂಸಿಯಲ್ಲಿ 5ಕ್ಕೂ ಹೆಚ್ಚು ಟರ್ಬೈನಿಗೆ ಸಿಗದೆ ಗಗನಚುಕ್ಕಿಯಲ್ಲಿ ಧುಮುಕಿಹೋಯಿತು. ಅದು ತಿಂಗಳಿಗೂ ಮೀರಿದ ಬೆಳಕು.

ವರ್ಷ ಕಳೆದ ಮೇಲೆ ಕಾಡುವುದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಓವರ್‌ಲೋಡಿಗೆ ಸುಟ್ಟ ಟಿಸಿಯನ್ನು ಬಿಚ್ಚಿ ಹೊಸದಾಗಿ ಸುತ್ತುವ ಕೆಲಸಗಾರರು ಜಿಲ್ಲೆಯಲ್ಲಿದ್ದಾರೆ. ತಂತಿ ಹಳೆಯದರಿಂದ ಹೊಂದಿಸಬಹುದು. ನಡುವೆ ಸುತ್ತುವ ಇನ್ಸುಲೇಷನ್ ಕಾಗದ, ಒಳಗೆ ತುಂಬುವ ಎಣ್ಣೆ ಎರಡೂ ಹೊರಗಿನಿಂದ ಬರುತ್ತಿದ್ದವು. ಸುಟ್ಟ ಎಣ್ಣೆ ಚೆಲ್ಲಬೇಡಿ. ಕಾಯಿಸಿ ತೇವ ಹಾರಿಸಿ, ಸೋಸಿ ಮತ್ತೆ ಹಾಕಬಹುದು.

ಟ್ರ್ಯಾಕ್ಟರು, ಬೈಕು ಓಡೋಕೆ ಸಕ್ಕರೆ ಕಾರ್ಖಾನೆ ಸ್ಪಿರಿಟ್ ಸಾಕಲ್ವಾ?
— ಕೆ.ಆರ್. ಪೇಟೆ

ಬೈಕಿಗೆ ಆದೀತು, ಟ್ರ್ಯಾಕ್ಟರಿಗೆ ಆಗದು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಿರಿಟ್ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ.

ಒಂದು ಟನ್ ಕಬ್ಬಿನಿಂದ ಸುಮಾರು 45 ಕಿಲೋ ಕಾಕಂಬಿ, ಅದರಿಂದ 10 ಲೀಟರ್ ಸ್ಪಿರಿಟ್. ಸಕ್ಕರೆ ಬೇಡವೆಂದು ಕಬ್ಬಿನ ಹಾಲನ್ನೇ ಹುಳಿಹಾಕಿದರೆ 70 ಲೀಟರ್‌ವರೆಗೆ. ಹಳೆ ಕಾರ್ಬುರೇಟರ್ ಬೈಕಿನಲ್ಲಿ ಪೆಟ್ರೋಲಿಗಿಂತ ಒಂದೂವರೆ ಪಟ್ಟು ಸ್ಪಿರಿಟ್ ಹರಿಯಬೇಕು, ಅಂದರೆ ಮೇನ್ ಜೆಟ್ಟಿನ ತೂತಿನ ವ್ಯಾಸವನ್ನು ಕಾಲುಭಾಗ ದೊಡ್ಡದು ಮಾಡಬೇಕು. 0.80 ಮಿ.ಮೀ. ಇದ್ದರೆ 1.00. ಇಂಜೆಕ್ಷನ್ ಇರುವ ಹೊಸ ಬೈಕುಗಳು ಇದಕ್ಕೆ ಬಗ್ಗುವುದಿಲ್ಲ. ಶೇ 95ರ ಸ್ಪಿರಿಟ್ಟನ್ನು ಉಳಿದ ಪೆಟ್ರೋಲಿಗೆ ಬೆರೆಸಬೇಡಿ. ಅದರಲ್ಲಿರುವ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ, ಬೈಕು ನಡುದಾರಿಯಲ್ಲಿ ನಿಲ್ಲುತ್ತದೆ. ರಬ್ಬರ್ ಪೈಪು ಉಬ್ಬಿ ಬಿರಿಯುವುದನ್ನೂ ಗಮನಿಸಿ.

ಡೀಸೆಲ್ ಬಂಕಿನ ನೆಲದೊಳಗಿನ ಟ್ಯಾಂಕು ಸಾಮಾನ್ಯವಾಗಿ 20,000 ಲೀಟರಿನದು, ಅದೂ ಯಾವಾಗಲೂ ತುಂಬಿರುವುದಿಲ್ಲ. ಉಳುವಾಗ ಟ್ರ್ಯಾಕ್ಟರು ಗಂಟೆಗೆ 4–5 ಲೀಟರ್ ಕುಡಿಯುತ್ತದೆ. ಮೊದಲ ಬೆಳಿಗ್ಗೆಯೇ ಬಂಕುಗಳಿಗೆ ಬೀಗ ಹಾಕದ ಜಿಲ್ಲಾಡಳಿತದ ಕಥೆ ಎರಡನೇ ದಿನಕ್ಕೆ ಮುಗಿಯಿತು. ಕಾರಿನಲ್ಲಿ ಗಡಿ ನೋಡಲು ಹೋಗುವವರೇ ಅರ್ಧ ಖಾಲಿ ಮಾಡುತ್ತಾರೆ.

ಬದಲಿ ಎಂದರೆ ಹೊಂಗೆ. ಮರ ಊರೂರಿಗಿದೆ, ಗಾಣದಲ್ಲಿ ಬೀಜದ ತೂಕದ ಕಾಲುಭಾಗ ಎಣ್ಣೆ ಬರುತ್ತದೆ. ಎಣ್ಣೆ ಡೀಸೆಲಿಗಿಂತ ಬಹಳ ಮಂದ. ಸೈಲೆನ್ಸರ್ ಬಿಸಿಗೆ 70–80 ಡಿಗ್ರಿ ಕಾಯಿಸಿ ತೆಳುಮಾಡಿ ಬಿಡಬೇಕು. ಹಳೆ ನೀರೆತ್ತುವ ನಿಧಾನಗತಿಯ ಎಂಜಿನ್ನುಗಳು ಸಹಿಸಿಕೊಳ್ಳುತ್ತವೆ. ಡೀಸೆಲಿನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ಹೊಂಗೆಗೆ ತಿರುಗಿಸಿ, ನಿಲ್ಲಿಸುವ ಹತ್ತು ನಿಮಿಷ ಮೊದಲು ಮತ್ತೆ ಡೀಸೆಲಿಗೆ. ಕೊನೆಯ ಹೆಜ್ಜೆ ತಪ್ಪಿಸಿದರೆ ನಾಝಲ್ಲು ಅಂಟು ಕಟ್ಟಿ ಮರುದಿನ ಎಂಜಿನ್ ಏಳುವುದಿಲ್ಲ.

ಮೊಬೈಲ್, ಜಿಪಿಎಸ್?
— ಹಲವರು

ಉಪಗ್ರಹವಿಲ್ಲ, ಜಿಪಿಎಸ್ ಇಲ್ಲ. ಪೊಲೀಸರ ವಾಕಿಟಾಕಿ ಕೆಲಸ ಮಾಡುತ್ತದೆ. ಮೊಬೈಲನ್ನು ಟಾರ್ಚು, ಕ್ಯಾಮೆರಾ, ಲೆಕ್ಕದ ಪುಸ್ತಕ ಎಂದುಕೊಳ್ಳಿ.

ವೈದ್ಯಕೀಯ ವಿದ್ಯಾರ್ಥಿ ನಾನು. ಯುದ್ಧಕ್ಕಿಂತ ಸಿಡುಬು ಹೆಚ್ಚು ಕೊಲ್ಲುತ್ತದೆ ಅನಿಸುತ್ತದೆ. ಸರಿಯೇ?
— ನಾಗಮಂಗಲ ತಾಲ್ಲೂಕು

ಸರಿ. ಬಂದ ಪ್ರಶ್ನೆಗಳಲ್ಲಿ ನಮಗೆ ಮೆಚ್ಚುಗೆಯಾದದ್ದು ಇದು. ಭಾರತ ಸಿಡುಬುಮುಕ್ತವೆಂದು ಘೋಷಣೆಯಾದದ್ದು 1977ರಲ್ಲಿ. ಅದಾಗಿ ಎರಡು ಮೂರು ವರ್ಷದಲ್ಲಿ ಲಸಿಕೆಯೂ ನಿಂತಿತು. ತೋಳಿನ ಮೇಲೆ ದುಂಡನೆ ಗುರುತು ಇರುವುದು ನಲವತ್ತೈದು ದಾಟಿದವರಿಗೆ, ಅವರಲ್ಲೂ ರಕ್ಷಣೆ ಮಾಸಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನ 18,05,769. ರಕ್ಷಣೆಯಿಲ್ಲದವರಲ್ಲಿ ರೋಗ ತಗಲಿದ ಹತ್ತು ಜನರಲ್ಲಿ ಮೂವರು ಸಾಯುತ್ತಾರೆ. ಹ್ಯಾರಿಸ್‌ನ ಫಿರಂಗಿಗೆ ಆ ಶಕ್ತಿಯಿಲ್ಲ.

ಜೆನ್ನರ್ ತನ್ನ ಪ್ರಯೋಗ ಪ್ರಕಟಿಸಿದ್ದು 1798ರಲ್ಲಿ, ಲಸಿಕೆ ಬೊಂಬಾಯಿಗೆ ಬಂದದ್ದು 1802ರಲ್ಲಿ. ಕಾಯುವಂತಿಲ್ಲ. ಅವನು ಬಳಸಿದ ಹಸುವಿನ ಸಿಡುಬು ನಮ್ಮ ಸೀಮೆಯದಲ್ಲ. ಆದರೆ ಎಮ್ಮೆ ಸಿಡುಬು ಇದೆ, ಅದರ ವೈರಸ್ಸು ಸಿಡುಬಿನ ಲಸಿಕೆಯ ವೈರಸ್ಸಿಗೆ ಬಲು ಹತ್ತಿರದ್ದು. ಕೆಚ್ಚಲಿನ ಮೇಲೆ ಗುಳ್ಳೆ, ಹಾಲು ಕರೆಯುವವರ ಬೆರಳಿನ ಮೇಲೂ ಅದೇ ಗುಳ್ಳೆ. ಹಾಲಿನ ಡೇರಿಗಳ ಮೂಲಕ ಹಳ್ಳಿ ಹಳ್ಳಿಗೆ ಹೇಳಿಕಳಿಸಿ ಅಂಥ ಎಮ್ಮೆ ಹುಡುಕಿಸಿ. ಸಿಕ್ಕರೆ ಗೆದ್ದಿರಿ, ಸಿಗದೆಯೂ ಇರಬಹುದು, ಆಗ ಕಥೆ ಕರಾಳವಾಗುತ್ತದೆ.

ಸಿಕ್ಕಿತು ಎನ್ನೋಣ. ಫ್ರಿಜ್ಜು ಬೇಡ, ಮನುಷ್ಯರ ತೋಳೇ ಫ್ರಿಜ್ಜು. ತೋಳಿನ ಮೇಲೆ ಗೀರಿ ಹಚ್ಚಿದರೆ ಎಂಟನೇ ದಿನ ಗುಳ್ಳೆ ಪಕ್ವವಾಗುತ್ತದೆ. ಅದರ ತಿಳಿರಸ ತೆಗೆದು ಮುಂದಿನವರಿಗೆ. ಹತ್ತು ಜನರಿಂದ ಶುರುಮಾಡಿ ಒಬ್ಬರಿಂದ ಐವರಿಗೆ ಹಚ್ಚುತ್ತಾ ಹೋದರೆ ಎಂಟು ಸುತ್ತಿನಲ್ಲಿ, ಅಂದರೆ 64 ದಿನದಲ್ಲಿ, ಜಿಲ್ಲೆ ಮುಗಿಯುತ್ತದೆ. ಹಳೆ ಕಾಲದಲ್ಲಿ ಈ ವಿಧಾನದಿಂದ ಫರಂಗಿ ರೋಗ (ಸಿಫಿಲಿಸ್), ಕಾಮಾಲೆ ಹರಡಿದ್ದುಂಟು. ರಸ ಕೊಡುವವರ ರಕ್ತವನ್ನು ಮೊದಲು ಪರೀಕ್ಷಿಸಿ. ಕಿಟ್ ತೀರುವ ಮುನ್ನ ಆರೋಗ್ಯವಂತ ದಾನಿಗಳ ಪಟ್ಟಿ ಮಾಡಿಟ್ಟುಕೊಳ್ಳಿ. ರೋಗಿಯ ಜೊತೆಗಿದ್ದವರಿಗೆ ನಾಲ್ಕು ದಿನದೊಳಗೆ ಹಚ್ಚಿದರೂ ಕಾಪಾಡಬಹುದು. ಹಾಗಾಗಿ ಗಡಿಯ ಹಳ್ಳಿಗಳು ಮೊದಲು.

ದನಗಳ ಕಡೆ ಯಾರೂ ನೋಡಿಲ್ಲ. ರಿಂಡರ್‌ಪೆಸ್ಟ್, ಹಳಬರು ದೊಡ್ಡರೋಗ ಎನ್ನುತ್ತಿದ್ದದ್ದು, ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಇಂದಿನ ಯಾವ ಹಸುವಿಗೂ ಆ ಲಸಿಕೆ ಇಲ್ಲ. ದಂಡಿನ ಎತ್ತುಗಳ ಜೊತೆ ಊರೂರಿಗೆ ಹರಡುತ್ತಿದ್ದ ರೋಗ ಅದು. ಹಳ್ಳಿಕಾರ್ ಒಂದಿಷ್ಟು ತಡೆದುಕೊಂಡೀತು, ವಿದೇಶಿ ಎಚ್‌ಎಫ್ ಹಸುವಿನ ಮಿಶ್ರತಳಿಯ ಹಟ್ಟಿ ಎರಡು ವಾರದಲ್ಲಿ ಖಾಲಿ. ಗೆದ್ದು ಹಿಡಿದ ಎತ್ತುಗಳನ್ನು ಊರೊಳಗೆ ಹೊಡೆದುಕೊಂಡು ಬರುವ ಸಂಭ್ರಮದ ದೃಶ್ಯ ಹಲವರು ಬರೆದಿದ್ದೀರಿ. ದಯವಿಟ್ಟು ಮೂರು ವಾರ ಊರ ಹೊರಗೆ ನಿಲ್ಲಿಸಿ, ಬೇರೆ ಕೆರೆಯ ನೀರು ಕುಡಿಸಿ. ಬಾಯೊಳಗೆ ಹುಣ್ಣು, ನೀರಾದ ಭೇದಿ ಕಂಡರೆ ಆ ಗುಂಪನ್ನು ಕಡಿದು ಹೂಳುವುದೊಂದೇ ದಾರಿ.

ಯುದ್ಧ ಗೆದ್ದೆವು. ಆಮೇಲೆ? ಅನ್ನ, ಸಕ್ಕರೆ, ಹಾಲು ಎಲ್ಲಾ ಇದೆ. ಇನ್ನೇನು ಕಮ್ಮಿ?
— ಮಂಡ್ಯ

ಉಪ್ಪು. ತಲೆಗೆ ದಿನಕ್ಕೆ 10 ಗ್ರಾಂ ಹಿಡಿದರೆ 18 ಲಕ್ಷ ಜನಕ್ಕೆ ದಿನಾ 18 ಟನ್. ಅಂಗಡಿ, ಗೋದಾಮುಗಳಲ್ಲಿರುವುದು ಕೆಲವು ವಾರಕ್ಕೆ. ಹೇರೆತ್ತು ಒಂದು 110 ಕಿಲೋ ಹೊರುತ್ತದೆ. ದಿನಾ ಸುಮಾರು 160 ಎತ್ತು ಬಂದು ಇಳಿಸಬೇಕು. ಕರಾವಳಿಗೆ ಹೋಗಿಬರಲು 40 ದಿನ ಎಂದರೆ 6,400 ಎತ್ತು ಸದಾ ದಾರಿಯಲ್ಲಿರಬೇಕು. ಅಷ್ಟು ಎತ್ತು ಇರುವುದು ಲಂಬಾಣಿಗಳ ಬಳಿ. ಉಪ್ಪಿರುವ ಮಂಗಳೂರು ಟಿಪ್ಪುವಿನ ಕೈಯಲ್ಲಿ, ಮಲಬಾರು 1792ರಿಂದ ಕಂಪನಿಯ ಕೈಯಲ್ಲಿ. ಯಾರನ್ನಾದರೂ ಒಬ್ಬರನ್ನು ಒಲಿಸಿಕೊಳ್ಳಲೇಬೇಕು. ನೋಟು ನಡೆಯುವುದಿಲ್ಲ, ಬಿಳಿ ಸಕ್ಕರೆಗೆ ಮಾತ್ರ ಯಾವ ಸಂತೆಯಲ್ಲೂ ಚೌಕಾಸಿ ಇರುವುದಿಲ್ಲ.

ರಾಗಿಯ ಚಿಂತೆ ಬೇಡ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಇಂಡಾಫ್ ರಾಗಿ ತಳಿಗಳ ಬೀಜವನ್ನು ರೈತರೇ ಎತ್ತಿಟ್ಟುಕೊಂಡು ಬಿತ್ತಬಹುದು. ಯೂರಿಯಾ ಇಲ್ಲದೆ ಕೂಳೆ ಕಬ್ಬು ಸೊರಗುತ್ತದೆ, ಭತ್ತ ಇಳಿಯುತ್ತದೆ. ಸಗಣಿ ಗೊಬ್ಬರ, ಹೊಂಗೆ ಹಿಂಡಿ, ಕಾರ್ಖಾನೆಯ ಮಡ್ಡಿ ಸೇರಿಸಿಯೂ ಹಳೆ ಇಳುವರಿ ಬಾರದು.

ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಪದ್ಧತಿ ಅಂದಿನ ಮೈಸೂರು ಸೀಮೆಯಲ್ಲಿತ್ತು. ಬಲ್ಲ ಉಪ್ಪಾರರು ಗಡಿಯಾಚೆ ಸಿಗುತ್ತಾರೆ, ಕರೆಸಿ ಕಲಿಯಬಹುದು. ಆ ಉಪ್ಪು ತುಸು ಕಹಿ, ಬಣ್ಣ ಮಾಸಲು, ದನಕ್ಕೆ ಧಾರಾಳವಾಗಿ ಆಗುತ್ತದೆ. ಅದರಲ್ಲಿ ಅಯೋಡಿನ್ ಸೇರಿರುವುದಿಲ್ಲ. ಬಸುರಿಯರಿಗೆ, ಮಕ್ಕಳಿಗೆ ಅಂಗಡಿಯ ಹಳೆ ಪ್ಯಾಕೆಟ್ ಉಪ್ಪನ್ನು ತೆಗೆದಿರಿಸಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ತೇವ ತಾಗಿದರೆ ಅಯೋಡಿನ್ ಹಾರಿಹೋಗುತ್ತದೆ.